ಮಗನ ಮೇಲೆ ಯೂನಿಟ್‌ನಲ್ಲಿ ಕೇಸಾಗಿದೆಯಾ? ಮನೆಯವರು ಏನು ಮಾಡಬೇಕು, ಏನು ಮಾಡಬಾರದು

ನಮ್ಮ ಕಡೆ ಹುಡುಗ ಮಿಲಿಟರಿಗೆ ಸೇರಿದರೆ ಊರ ಬಸ್‌ಸ್ಟ್ಯಾಂಡ್ ಹತ್ತಿರ ಫ್ಲೆಕ್ಸ್ ಕಟ್ಟುತ್ತೇವೆ. ಅದೇ ಹುಡುಗ ಒಂದು ದಿನ ಫೋನ್ ಮಾಡಿ "ನನ್ನ ಮೇಲೆ ಎನ್‌ಕ್ವೈರಿ ಕೂತಿದೆ" ಅಂದರೆ ಮನೆಯವರು ಯಾರಿಗೂ ಹೇಳುವುದಿಲ್ಲ. ಹೇಳಿದರೂ ಮೊದಲು ಓಡುವುದು ಎಮ್ಮೆಲ್ಲೆ ಪತ್ರಕ್ಕೆ. ಆ ಪತ್ರದಿಂದ ಆಗುವ ಉಪಯೋಗ ತೀರಾ ಕಡಿಮೆ. ಸಂವಿಧಾನದ 33ನೇ ವಿಧಿ ಸೈನಿಕರ ಮೂಲಭೂತ ಹಕ್ಕುಗಳನ್ನು ಮಿತಿಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ, ನಿಜ. ಆದರೆ ಹಕ್ಕೇ ಇಲ್ಲ ಅಂತಲ್ಲ. 1950ರ ಆರ್ಮಿ ಆ್ಯಕ್ಟ್ ಮತ್ತು 1954ರ ಆರ್ಮಿ ರೂಲ್ಸ್‌ನಲ್ಲಿ ಆರೋಪಿಗೆ ಸಾಕಷ್ಟು ರಕ್ಷಣೆ ಇದೆ. ತೊಂದರೆ ಏನೆಂದರೆ, ಅದನ್ನು ಬಾಯಿಬಿಟ್ಟು ಕೇಳಬೇಕು, ಕೇಳಿದ್ದು ಕಾಗದದ ಮೇಲೆ ಬರಬೇಕು, ಅದೂ ಶುರುವಿನಲ್ಲೇ. ವರ್ಷದ ಮೇಲೆ ಟ್ರಿಬ್ಯುನಲ್‌ಗೆ ಹೋದಾಗ ಜಡ್ಜ್ ನೋಡುವುದು ಯೂನಿಟ್ ಆಫೀಸಿನಲ್ಲಿ ಮೊದಲ ವಾರಗಳಲ್ಲಿ ತಯಾರಾದ ಅದೇ ಕಾಗದವನ್ನು.

ಮುಂದಿನದ್ದನ್ನು ಹುಡುಗನಿಗೂ ಕಳಿಸಿ. ಅರ್ಧ ಕೆಲಸ ಅವನು ಮಾಡಬೇಕು, ಅರ್ಧ ನೀವು.

1. ಯಾವ ಪಡೆ ಅಂತ ಮೊದಲು ಗಟ್ಟಿ ಮಾಡಿಕೊಳ್ಳಿ

ಊರಲ್ಲಿ ಎಲ್ಲರಿಗೂ "ಮಿಲಿಟರಿ" ಅಂತೀವಿ. ಸೇನೆ, ಬಿಎಸ್‌ಎಫ್, ಸಿಆರ್‌ಪಿಎಫ್, ಸಿಐಎಸ್‌ಎಫ್, ಎಲ್ಲಾ ಒಂದೇ ಅನ್ನೋ ಹಾಗೆ. ಕಾನೂನಿಗೆ ಹಾಗಲ್ಲ. ಸೇನೆಗೆ ಆರ್ಮಿ ಆ್ಯಕ್ಟ್. ಬಿಎಸ್‌ಎಫ್‌ಗೆ 1968ರ ಬೇರೆ ಕಾಯ್ದೆ, ಅಲ್ಲಿ ಕೋರ್ಟ್ ಮಾರ್ಷಲ್ (ಸೇನೆಯ ಒಳಗಿನ ನ್ಯಾಯಾಲಯ) ಬದಲು ಸೆಕ್ಯೂರಿಟಿ ಫೋರ್ಸ್ ಕೋರ್ಟ್. ಸಿಆರ್‌ಪಿಎಫ್‌ಗೆ 1949ರ ಕಾಯ್ದೆ, ಅಲ್ಲಿ ಹೆಚ್ಚಾಗಿ ನಡೆಯುವುದು ಇಲಾಖಾ ವಿಚಾರಣೆ. ಅಗ್ನಿವೀರರು 4 ವರ್ಷಕ್ಕೆ ಹೋದರೂ ಅಷ್ಟು ದಿನ ಆರ್ಮಿ ಆ್ಯಕ್ಟ್ ಅಡಿಯಲ್ಲೇ ಇರುತ್ತಾರೆ.

ಇದು ಯಾಕೆ ಮುಖ್ಯ ಅಂದರೆ, ಕೊನೆಗೆ ಎಲ್ಲಿ ಅಪೀಲು ಹಾಕಬೇಕು ಅನ್ನೋದು ಇದರ ಮೇಲೇ ನಿಂತಿದೆ. ಸೇನೆ, ನೌಕಾಪಡೆ, ವಾಯುಪಡೆಯವರಿಗೆ ಆರ್ಮ್ಡ್ ಫೋರ್ಸಸ್ ಟ್ರಿಬ್ಯುನಲ್ ಇದೆ. ಬಿಎಸ್‌ಎಫ್, ಸಿಆರ್‌ಪಿಎಫ್‌ನವರಿಗೆ ಅದಿಲ್ಲ, ಅವರು ಹೈಕೋರ್ಟ್‌ಗೆ ಹೋಗಬೇಕು. ಇಲ್ಲಿ ತಪ್ಪು ಬಾಗಿಲು ತಟ್ಟಿದರೆ ತಿಂಗಳುಗಟ್ಟಲೆ ಹಾಳು. ಕೆಳಗೆ ಬರುವುದು ಮುಖ್ಯವಾಗಿ ಸೇನೆಯ ನಿಯಮ. ಬರೀ ಸೆಕ್ಷನ್ ಅಂದರೆ ಆರ್ಮಿ ಆ್ಯಕ್ಟ್‌ನದು, ಬರೀ ನಿಯಮ ಅಂದರೆ ಆರ್ಮಿ ರೂಲ್ಸ್‌ನದು.

2. ರಜೆ ಮುಗಿದರೂ ಹುಡುಗ ಮನೆಯಲ್ಲೇ ಇದ್ದರೆ

ಎಷ್ಟೋ ಕೇಸು ಶುರುವಾಗುವುದು ಇಲ್ಲಿಂದಲೇ. ಅಪ್ಪನಿಗೆ ಹುಷಾರಿಲ್ಲ, ಭತ್ತದ ನಾಟಿ ಅರ್ಧಕ್ಕೆ ನಿಂತಿದೆ, ತಂಗಿ ಮದುವೆ, ಇಲ್ಲಾ ಅಲ್ಲಿ ಯಾರೋ ಪೀಡಿಸುತ್ತಿದ್ದಾರೆ, ವಾಪಸ್ ಹೋಗೋಕೆ ಮನಸ್ಸಿಲ್ಲ. "ಇನ್ನೊಂದು ವಾರ ಇದ್ದು ಹೋಗು ಬಿಡು" ಅಂತ ನಾವೇ ಹೇಳುತ್ತೇವೆ.

ಹೇಳಬೇಡಿ. ಅನುಮತಿ ಇಲ್ಲದೆ 30 ದಿನ ಕಳೆದರೆ 106ನೇ ಸೆಕ್ಷನ್ ಪ್ರಕಾರ ಯೂನಿಟ್ ವಿಚಾರಣೆ ಕೂರಿಸಿ ಅವನ ಗೈರುಹಾಜರಿಯನ್ನು ದಾಖಲು ಮಾಡುತ್ತದೆ. ಆಮೇಲೆ ಅವನನ್ನು ಡೆಸರ್ಟರ್, ಅಂದರೆ ಸೇನೆ ಬಿಟ್ಟು ಓಡಿಹೋದವ ಅಂತ ಲೆಕ್ಕ ಹಾಕಬಹುದು. ನಮ್ಮ ಜಿಲ್ಲಾ ಪೊಲೀಸರಿಗೆ ಅಪ್ರಿಹೆನ್ಶನ್ ರೋಲ್, ಅಂದರೆ ಅವನನ್ನು ಹಿಡಿದು ಒಪ್ಪಿಸಿ ಅನ್ನುವ ಕಾಗದ ಬರುತ್ತದೆ. ಸ್ಟೇಷನ್ನಿಂದ ಮನೆ ಬಾಗಿಲಿಗೆ ಜನ ಬರುವುದು ಆಗಲೇ. ಸುಮ್ನೆ ತಡವಾಗಿ ಹೋದವನಿಗೂ ಓಡಿಹೋದವನಿಗೂ ಶಿಕ್ಷೆಯಲ್ಲಿ ದೊಡ್ಡ ವ್ಯತ್ಯಾಸ ಇದೆ. ರಜೆ ಮೀರಿದ್ದಕ್ಕೆ ಗರಿಷ್ಠ 3 ವರ್ಷ. ಡೆಸರ್ಷನ್‌ಗೆ ಸಾಮಾನ್ಯ ಸಂದರ್ಭದಲ್ಲಿ 7 ವರ್ಷದವರೆಗೆ, ಆ್ಯಕ್ಟಿವ್ ಸರ್ವಿಸ್‌ನಲ್ಲಿದ್ದಾಗ (ಶತ್ರುವಿನ ವಿರುದ್ಧದ ಕಾರ್ಯಾಚರಣೆಯಂಥ ಕರ್ತವ್ಯದಲ್ಲಿದ್ದಾಗ) ಇನ್ನೂ ಕಠಿಣ. ಎರಡನ್ನೂ ಬೇರೆ ಮಾಡುವುದು ವಾಪಸ್ ಹೋಗುವ ಉದ್ದೇಶ ಇತ್ತೋ ಇಲ್ಲವೋ ಅನ್ನುವುದು. ಆ ಉದ್ದೇಶಕ್ಕೆ ಸಾಕ್ಷಿ ಬೇಕಲ್ವಾ? ಹಾಗಾಗಿ ತಡ ಆಗುತ್ತೆ ಅಂತ ಗೊತ್ತಾದ ದಿನವೇ ಯೂನಿಟ್‌ಗೆ ಇಮೇಲ್ ಮಾಡಿ, ಜೊತೆಗೆ ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ ಪತ್ರ ಹಾಕಿ. ಹುಷಾರಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲೇ ತೋರಿಸಿ, ಓಪಿ ಚೀಟಿಯಿಂದ ಹಿಡಿದು ಎಲ್ಲಾ ಇಟ್ಟುಕೊಳ್ಳಿ. ಪರಿಚಯದ ಡಾಕ್ಟರ್ ಕೊಟ್ಟ ಹಿಂದಿನ ತಾರೀಖಿನ ಸರ್ಟಿಫಿಕೇಟ್ ಅಂತೂ ಬೇಡವೇ ಬೇಡ, ಅದರಿಂದ ಎರಡನೇ ಕೇಸು ಬೀಳುತ್ತದೆ. ಪೊಲೀಸರು ಹಿಡಿಯುವ ಮೊದಲು ತಾನಾಗಿ ಹೋಗಿ ಹಾಜರಾಗುವುದು ಯಾವತ್ತೂ ಒಳ್ಳೆಯದು.

3. ಕೋರ್ಟ್ ಆಫ್ ಇನ್‌ಕ್ವೈರಿ: ಜಾಸ್ತಿ ಎಚ್ಚರ ಬೇಕಾದ ಜಾಗ

ಕಳ್ಳತನ, ಹೊಡೆದಾಟ, ಸ್ಟೋರಿನಲ್ಲಿ ಸಾಮಾನು ಕಮ್ಮಿ, ಗುಂಡೇಟು, ಸಾವು, ಏನೇ ಆದರೂ ಮೊದಲು ಕೂರುವುದು ಇದು. ಒಂದಿಬ್ಬರು ಅಧಿಕಾರಿಗಳು ಕೂತು ಹೇಳಿಕೆ ಬರೆದುಕೊಳ್ಳುತ್ತಾರೆ. ಇದು ಸತ್ಯಾಂಶ ಕಲೆಹಾಕುವ ಹಂತ, ಇಲ್ಲಿ ಯಾರಿಗೂ ಶಿಕ್ಷೆ ಆಗುವುದಿಲ್ಲ. ವಕೀಲರನ್ನು ಒಳಗೆ ಬಿಡುವ ಪದ್ಧತಿಯೂ ಇಲ್ಲ. ಹಾಗಾಗಿ ಹುಡುಗರು ಹಗುರವಾಗಿ ತೆಗೆದುಕೊಳ್ಳುತ್ತಾರೆ.

ಆರ್ಮಿ ರೂಲ್ಸ್‌ನ 180ನೇ ನಿಯಮವನ್ನು ಬಾಯಿಪಾಠ ಮಾಡಿಸಿ. ವಿಚಾರಣೆಯಿಂದ ಯಾರ ನಡತೆಗೆ ಅಥವಾ ಸೈನಿಕ ಹೆಸರಿಗೆ ಧಕ್ಕೆ ಬರಬಹುದೋ ಅವನಿಗೆ ಪೂರ್ತಿ ವಿಚಾರಣೆಯ ಉದ್ದಕ್ಕೂ ಹಾಜರಿರುವ ಅವಕಾಶ ಕೊಡಬೇಕು. ಅವನು ಹೇಳಿಕೆ ಕೊಡಬಹುದು, ಸಾಕ್ಷಿ ಹೇಳಬಹುದು, ತನ್ನ ವಿರುದ್ಧ ಮಾತಾಡಿದವರನ್ನು ಪಾಟೀಸವಾಲು ಮಾಡಬಹುದು, ತನ್ನ ಕಡೆಯ ಸಾಕ್ಷಿಗಳನ್ನು ಕರೆಸಬಹುದು. ಇದು ಅಧಿಕಾರಿಯ ದಯೆ ಅಲ್ಲ, ನಿಯಮ. ಅನೇಕ ಸಲ ಆಗುವುದು ಹೀಗೆ: ಮೊದಲು ಅವನನ್ನು ಬರೀ ಸಾಕ್ಷಿ ಅಂತ ಕರೆಯುತ್ತಾರೆ, ಹೇಳಿಕೆ ತೆಗೆದುಕೊಂಡು ಕಳಿಸುತ್ತಾರೆ. ನಾಲ್ಕು ಸಾಕ್ಷಿ ಆದಮೇಲೆ ಬೆರಳು ಅವನ ಕಡೆ ತಿರುಗುತ್ತದೆ. ಅಷ್ಟರಲ್ಲಿ ಆ ನಾಲ್ವರು ಏನು ಹೇಳಿದರು ಅಂತಲೇ ಅವನಿಗೆ ಗೊತ್ತಿರುವುದಿಲ್ಲ. ಅಂಥ ಹೊತ್ತಿನಲ್ಲಿ ಒಂದು ಬಿಳಿ ಹಾಳೆಯಲ್ಲಿ, ಹಿಂದಿ ಅಥವಾ ಇಂಗ್ಲಿಷಿನಲ್ಲಿ, ಎರಡೇ ಸಾಲು ಸಾಕು: "ನನ್ನ ಹೆಸರಿಗೆ ಧಕ್ಕೆ ಬರುತ್ತಿದೆ, 180ನೇ ನಿಯಮ ಅನ್ವಯಿಸಿ, ಹಿಂದಿನ ಸಾಕ್ಷಿಗಳನ್ನು ನನ್ನ ಎದುರು ಮತ್ತೆ ಕರೆಯಿರಿ." ತಾರೀಖು ಹಾಕಿ ಕೊಡಬೇಕು, ನಕಲು ಇಟ್ಟುಕೊಳ್ಳಬೇಕು. ತೆಗೆದುಕೊಳ್ಳಲಿಲ್ಲ ಅಂದರೆ ಆ ವಿಷಯವನ್ನೇ ತನ್ನ ಹೇಳಿಕೆಯೊಳಗೆ ಬರೆಸಬೇಕು.

ಭಾಷೆ ಇಲ್ಲಿ ದೊಡ್ಡ ತೊಡಕು. ದೇವದುರ್ಗದ ಕಡೆಯ ಹುಡುಗನಿಗೆ ಮಾತಾಡುವ ಹಿಂದಿ ಬರುತ್ತದೆ, ಇಂಗ್ಲಿಷಿನಲ್ಲಿ ಟೈಪಾದ ಮೂರು ಪುಟದ ಹೇಳಿಕೆ ಅರ್ಥ ಆಗುವುದಿಲ್ಲ. ಅರ್ಥ ಆಗದ ಕಾಗದಕ್ಕೆ ಸಹಿ ಹಾಕಬಾರದು, ಓದಿ ಹೇಳಿ ಅಂತ ಕೇಳಬೇಕು, ತಪ್ಪಿದ್ದ ಕಡೆ ತಿದ್ದಿಸಿ ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು.

ಇನ್ನೆರಡು ನಿಯಮ ನೆನಪಿರಲಿ. 182ನೇ ನಿಯಮ: ಈ ವಿಚಾರಣೆಯಲ್ಲಿ ಕೊಟ್ಟ ಹೇಳಿಕೆಯನ್ನಾಗಲಿ ತಪ್ಪೊಪ್ಪಿಗೆಯನ್ನಾಗಲಿ ಮುಂದೆ ಕೋರ್ಟ್ ಮಾರ್ಷಲ್‌ನಲ್ಲಿ ಅವನ ವಿರುದ್ಧ ಸಾಕ್ಷಿಯಾಗಿ ಬಳಸುವಂತಿಲ್ಲ, ಬೇಕಂತಲೇ ಸುಳ್ಳು ಸಾಕ್ಷಿ ಹೇಳಿದ ಆರೋಪದ ಕೇಸೊಂದನ್ನು ಬಿಟ್ಟು. 184ನೇ ನಿಯಮ: ತನ್ನ ಹೆಸರಿಗೆ ಸಂಬಂಧಪಟ್ಟ ಹೇಳಿಕೆ ಮತ್ತು ದಾಖಲೆಗಳ ನಕಲು ಕೇಳುವ ಹಕ್ಕು. ಬರೆದು ಕೇಳಿ. ಬಾಯಲ್ಲಿ ಕೇಳಿದ್ದು ಲೆಕ್ಕಕ್ಕಿಲ್ಲ.

4. ಚಾರ್ಜ್ ಹಿಯರಿಂಗ್, ಆಮೇಲೆ ಸಮ್ಮರಿ ಆಫ್ ಎವಿಡೆನ್ಸ್

ಆರೋಪ ಗಟ್ಟಿಯಾದರೆ ಯೂನಿಟ್‌ನ ಕಮಾಂಡಿಂಗ್ ಆಫೀಸರ್ (ಸಿಓ) ಎದುರು ನಿಲ್ಲಿಸುತ್ತಾರೆ. 22ನೇ ನಿಯಮದ ಪ್ರಕಾರ ಆರೋಪಿಯ ಎದುರೇ ಸಾಕ್ಷಿಗಳನ್ನು ಕೇಳಬೇಕು, ಅವನಿಗೆ ಪ್ರಶ್ನೆ ಹಾಕಲು ಬಿಡಬೇಕು. ಸಿಓ ಅಲ್ಲೇ ಆರೋಪ ಕೈಬಿಡಬಹುದು. ಇಲ್ಲಾ ಚಿಕ್ಕ ಶಿಕ್ಷೆ ಕೊಟ್ಟು ಮುಗಿಸಬಹುದು, ಇಲ್ಲಾ ಸಮ್ಮರಿ ಆಫ್ ಎವಿಡೆನ್ಸ್, ಅಂದರೆ ಸಾಕ್ಷಿಗಳ ಹೇಳಿಕೆಯ ಲಿಖಿತ ದಾಖಲೆ ಬರೆಸಬಹುದು. ಐದೇ ನಿಮಿಷದಲ್ಲಿ ಇದನ್ನು ಮುಗಿಸಿಬಿಟ್ಟರೆ "ಸಾಕ್ಷಿಗಳನ್ನು ನನ್ನ ಎದುರು ಕೇಳಲಿಲ್ಲ" ಅನ್ನುವುದನ್ನು ಅವತ್ತೇ ಡೈರಿಯಲ್ಲಿ ಬರೆದಿಡಲಿ. ಯಾರಿದ್ದರು, ಎಷ್ಟು ಹೊತ್ತು, ಯಾವ ಕೋಣೆ.

23ನೇ ನಿಯಮದ ಸಮ್ಮರಿ ಹಂತದಲ್ಲಿ ಲೆಕ್ಕ ಪೂರಾ ಬದಲಾಗುತ್ತದೆ. ಇಲ್ಲಿ ಆರೋಪಿಯ ಹೇಳಿಕೆ ತೆಗೆದುಕೊಳ್ಳುವ ಮೊದಲು ಎಚ್ಚರಿಕೆ ಕೊಡಬೇಕು: ನೀನು ಏನೂ ಹೇಳಬೇಕೆಂದಿಲ್ಲ, ಹೇಳಿದ್ದನ್ನು ಬರೆದುಕೊಂಡು ಸಾಕ್ಷಿಯಾಗಿ ಬಳಸಬಹುದು ಅಂತ. ಅಂದರೆ ಇಲ್ಲಿ ಬಾಯಿಬಿಟ್ಟರೆ ಅದು ಅವನ ಕುತ್ತಿಗೆಗೇ ಬರಬಹುದು. ನನ್ನ ಅಭಿಪ್ರಾಯ ಕೇಳಿದರೆ, ವಕೀಲರನ್ನು ಕೇಳುವ ತನಕ ಸುಮ್ಮನಿರುವುದೇ ವಾಸಿ, ಆದರೆ ಸಾಕ್ಷಿಗಳಿಗೆ ಪಾಟೀಸವಾಲು ಮಾಡುವುದನ್ನು ಮಾತ್ರ ಬಿಡಬಾರದು. "ನೀನು ಆ ರಾತ್ರಿ ಡ್ಯೂಟಿಯಲ್ಲಿದ್ದೆಯಾ, ರಿಜಿಸ್ಟರ್‌ನಲ್ಲಿ ಸಹಿ ಇದೆಯಾ, ನನ್ನನ್ನು ಎಷ್ಟು ದೂರದಿಂದ ನೋಡಿದೆ" ಅನ್ನುವಂಥ ಸಾದಾ ಪ್ರಶ್ನೆ ಸಾಕು. ಹೀಗೆ ಕೇಳಿದ ಪ್ರಶ್ನೆ, ಬಂದ ಉತ್ತರ ಎರಡೂ ದಾಖಲೆಯಲ್ಲಿ ಉಳಿಯುತ್ತವೆ.

5. ಕಸ್ಟಡಿಯಲ್ಲಿದ್ದರೆ ಕ್ಯಾಲೆಂಡರ್ ಇಟ್ಟುಕೊಳ್ಳಿ

ಇದು ಮನೆಯವರ ಕೆಲಸ. ಒಳಗೆ ಹಾಕಿದ ತಾರೀಖು ಬರೆಯಿರಿ. 102ನೇ ಸೆಕ್ಷನ್ ಪ್ರಕಾರ ಆರೋಪದ ವಿಚಾರಣೆ ಶುರು ಮಾಡದೆ 48 ಗಂಟೆಗಿಂತ ಜಾಸ್ತಿ ಇಟ್ಟುಕೊಳ್ಳುವಂತಿಲ್ಲ, ಸೇವೆಯ ಕಾರಣಕ್ಕೆ ಅದು ಸಾಧ್ಯವೇ ಇಲ್ಲ ಅನ್ನುವ ಸಂದರ್ಭ ಬಿಟ್ಟು. ಕೋರ್ಟ್ ಮಾರ್ಷಲ್ ಆದೇಶ ಆಗದೆ 8 ದಿನ ಕಳೆದರೆ ಯಾಕೆ ತಡ ಅಂತ ಸಿಓ ಮೇಲಕ್ಕೆ ವರದಿ ಕಳಿಸಬೇಕು. ಆಮೇಲೂ ಪ್ರತಿ 8 ದಿನಕ್ಕೊಮ್ಮೆ ಕಳಿಸುತ್ತಲೇ ಇರಬೇಕು. ಆ್ಯಕ್ಟಿವ್ ಸರ್ವಿಸ್‌ನಲ್ಲಿದ್ದವರಿಗೆ ಮಾತ್ರ ಈ 8 ದಿನದ ನಿಯಮ ಇಲ್ಲ. ಎರಡು ತಿಂಗಳು ದಾಟಿಸಬೇಕಾದರೆ ಸೇನಾ ಮುಖ್ಯಸ್ಥರ ಮಟ್ಟದ ಮಂಜೂರಾತಿ, ಮೂರು ತಿಂಗಳು ದಾಟಿಸಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು ಅನ್ನುತ್ತದೆ 27ನೇ ನಿಯಮ. ಮನೆಯವರು ಸಿಓಗೆ ಪತ್ರ ಬರೆದು "8 ದಿನದ ವರದಿ ಹೋಗಿದೆಯೇ, ಯಾವ ತಾರೀಖಿಗೆ" ಅಂತ ಕೇಳಬಹುದು. ನಾಲ್ಕು ಸಾಲಿನ ಇಂಥ ಪತ್ರ ಎಮ್ಮೆಲ್ಲೆ ಪತ್ರಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ.

ಒಂದು ಮಾತು. ಹುಡುಗ ತಾನೇ ಮೇಲಿನವರಿಗೆ ನೇರ ದೂರು ಕಳಿಸಿದರೆ "ಚಾನೆಲ್ ಮುರಿದ" ಅಂತ ಇನ್ನೊಂದು ಆರೋಪ ಬೀಳಬಹುದು. ಅವನು 26ನೇ ಸೆಕ್ಷನ್ ಪ್ರಕಾರ ಕ್ರಮವಾಗಿ ಹೋಗಬೇಕು. ಅಪ್ಪ, ಅಮ್ಮ, ಹೆಂಡತಿಗೆ ಆ ಕಟ್ಟುಪಾಡಿಲ್ಲ. ಫೇಸ್‌ಬುಕ್ ವಿಡಿಯೊ ಮಾತ್ರ ಬೇಡ. 2017ರ ಜನವರಿಯಲ್ಲಿ ಊಟದ ಬಗ್ಗೆ ವಿಡಿಯೊ ಹಾಕಿದ ಬಿಎಸ್‌ಎಫ್ ಜವಾನನಿಗೆ ದೇಶವೆಲ್ಲ ಶಹಬ್ಬಾಸ್ ಅಂದಿತು, ಏಪ್ರಿಲ್‌ನಲ್ಲಿ ಅವನನ್ನು ವಜಾ ಮಾಡಿದರು.

6. "ಗಿಲ್ಟಿ ಅಂದುಬಿಡು, ಸಣ್ಣದರಲ್ಲೇ ಮುಗಿಯುತ್ತೆ"

ಜವಾನರ ಮೇಲಿನ ಕೇಸುಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಸಮ್ಮರಿ ಕೋರ್ಟ್ ಮಾರ್ಷಲ್, ಎಸ್‌ಸಿಎಂ. ಇಲ್ಲಿ ಸಿಓ ಒಬ್ಬರೇ ನ್ಯಾಯಾಧೀಶರು. ಇನ್ನಿಬ್ಬರು ಕೂತಿರುತ್ತಾರೆ, ತೀರ್ಪಿನಲ್ಲಿ ಅವರ ಪಾಲಿಲ್ಲ. ಸಿಓ ಲೆಫ್ಟಿನೆಂಟ್ ಕರ್ನಲ್ ಅಥವಾ ಮೇಲಿನ ದರ್ಜೆಯವರಾದರೆ 1 ವರ್ಷದವರೆಗೆ ಜೈಲು ಕೊಡಬಹುದು, ಕೆಲಸದಿಂದ ವಜಾ ಕೂಡ ಮಾಡಬಹುದು. ತೀರ್ಪಿಗೆ ಮೇಲಿನವರ ದೃಢೀಕರಣವೂ ಬೇಕಿಲ್ಲ, ತಕ್ಷಣ ಜಾರಿ. ತನಿಖೆ ಮಾಡಿಸಿದವರು, ಆರೋಪ ಹೊರಿಸಿದವರು, ತೀರ್ಪು ಕೊಡುವವರು ಒಬ್ಬರೇ ಆಗಿರುವ ವ್ಯವಸ್ಥೆ ಇದು. ನನಗೆ ಇದು ಯಾವತ್ತೂ ಸರಿ ಕಂಡಿಲ್ಲ. ಸುಪ್ರೀಂ ಕೋರ್ಟ್ ಕೂಡ 2016ರಲ್ಲಿ, ಎಸ್‌ಸಿಎಂ ಅಪವಾದವಾಗಿರಬೇಕು, ತಕ್ಷಣ ಕ್ರಮ ಬೇಕಾದಾಗ ಮಾತ್ರ ಬಳಸಬೇಕು ಎಂಬ ನಿಲುವು ತಳೆಯಿತು.

ವಜಾ ಅಂದರೆ ಪೆನ್ಶನ್‌ಗೂ ಕುತ್ತು ಅನ್ನೋದು "ಗಿಲ್ಟಿ ಅಂದುಬಿಡು" ಅಂತ ಸಲಹೆ ಕೊಡುವ ಹವಾಲ್ದಾರ್ ಹೇಳುವುದಿಲ್ಲ. ತಪ್ಪೊಪ್ಪಿಗೆ ದಾಖಲಿಸುವ ಮೊದಲು ಆರೋಪ ಏನು, ಒಪ್ಪಿಕೊಂಡರೆ ಏನಾಗುತ್ತದೆ ಅಂತ ಅವನಿಗೆ ಅರ್ಥವಾಗಿದೆಯೇ ಎಂದು ಕೋರ್ಟ್ ಖಾತ್ರಿ ಮಾಡಿಕೊಳ್ಳಬೇಕು. ಅದು 115ನೇ ನಿಯಮ. 2023ರ ಸೆಪ್ಟೆಂಬರ್‌ನಲ್ಲಿ ಒಬ್ಬ ಬಿಎಸ್‌ಎಫ್ ಕಾನ್‌ಸ್ಟೇಬಲ್ ಕೇಸು ಸುಪ್ರೀಂ ಕೋರ್ಟ್‌ಗೆ ಬಂತು. ಅವನು ತಪ್ಪೊಪ್ಪಿಕೊಂಡ ಅಂತ ದಾಖಲೆ ಹೇಳುತ್ತಿತ್ತು, ಆದರೆ ಅದರ ಮೇಲೆ ಅವನ ಸಹಿ ಇರಲಿಲ್ಲ. ವಜಾ ಆದೇಶ ನಿಲ್ಲಲಿಲ್ಲ.

ಟ್ರಯಲ್‌ಗೆ ಮುಂಚೆ ಕನಿಷ್ಠ 96 ಗಂಟೆ ಮೊದಲು ಆರೋಪ ತಿಳಿಸಬೇಕು, ಆ್ಯಕ್ಟಿವ್ ಸರ್ವಿಸ್‌ನಲ್ಲಿ ಇದು 24 ಗಂಟೆ. ಎಸ್‌ಸಿಎಂನಲ್ಲಿ "ಫ್ರೆಂಡ್ ಆಫ್ ದಿ ಅಕ್ಯೂಸ್ಡ್" ಅಂತ ಒಬ್ಬರನ್ನು ಪಕ್ಕದಲ್ಲಿ ಇಟ್ಟುಕೊಳ್ಳಬಹುದು. ಅವರು ವಕೀಲರೂ ಆಗಬಹುದು. ಸಲಹೆ ಕೊಡಬಹುದು, ವಾದ ಮಾಡುವಂತಿಲ್ಲ. ಜನರಲ್ ಮತ್ತು ಡಿಸ್ಟ್ರಿಕ್ಟ್ ಕೋರ್ಟ್ ಮಾರ್ಷಲ್‌ನಲ್ಲಿ ವಕೀಲರು ಪೂರ್ತಿ ವಾದಿಸಬಹುದು.

ಯಾವ ಅಧಿಕಾರಿಯ ಮೇಲೆ ಹುಡುಗ ಮೊದಲೇ ದೂರು ಕೊಟ್ಟಿದ್ದನೋ ಅದೇ ಅಧಿಕಾರಿ ವಿಚಾರಣೆಗೆ ಕೂತರೆ? 1987ರ ರಂಜಿತ್ ಠಾಕೂರ್ ಪ್ರಕರಣ ಹೀಗೇ ಇತ್ತು. ಕೊಟ್ಟ ಊಟ ಮಾಡಲಿಲ್ಲ, ಆದೇಶ ಮೀರಿದ ಅಂತ ಆರೋಪ. ಅವನು ದೂರಿದ್ದ ಅಧಿಕಾರಿಯೇ ಎಸ್‌ಸಿಎಂಗೆ ಕೂತರು. 1 ವರ್ಷ ಜೈಲು, ಜೊತೆಗೆ ವಜಾ. ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿತು: ವಿಚಾರಣೆ ಮಾಡುವವರ ಬಗ್ಗೆ ಆಕ್ಷೇಪ ಇದೆಯೇ ಎಂದು ಅವನನ್ನು ಕೇಳಿಲ್ಲ, ಪಕ್ಷಪಾತದ ಸಾಧ್ಯತೆ ಇದೆ, ಶಿಕ್ಷೆ ತಪ್ಪಿಗೆ ಮೀರಿದ್ದು. ಹಾಗಾಗಿ ಆಕ್ಷೇಪವನ್ನು ಮೊದಲೇ ಬರೆದು ಕೊಡಿ.

ಕೋರ್ಟ್ ಮಾರ್ಷಲ್ ಇಲ್ಲದೆ ಸಿಓ 80ನೇ ಸೆಕ್ಷನ್‌ನಲ್ಲಿ 28 ದಿನದವರೆಗೆ ಕೊಡುವ ಶಿಕ್ಷೆಯನ್ನೂ ಹಗುರ ಮಾಡಬೇಡಿ. ಅದು ರೆಡ್ ಇಂಕ್ ಎಂಟ್ರಿ, ಅಂದರೆ ಸೇವಾ ದಾಖಲೆಯಲ್ಲಿ ಕೆಂಪು ಶಾಯಿಯಲ್ಲಿ ಬರೆಯುವ ಶಿಕ್ಷೆಯ ನಮೂದು ಆಗುತ್ತದೆ. ನಾಲ್ಕಾದರೆ ಮನೆಗೆ ಕಳಿಸುತ್ತಾರೆ ಅನ್ನೋದು ಬ್ಯಾರಕ್ ಮಾತು. ನಾಲ್ಕು ಎಂಟ್ರಿ ಅಂದಮಾತ್ರಕ್ಕೆ ತಾನಾಗೇ ಡಿಸ್ಚಾರ್ಜ್ ಮಾಡುವಂತಿಲ್ಲ, ಸೇವೆಯನ್ನೆಲ್ಲ ನೋಡಬೇಕು ಅಂತ 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

7. ತೀರ್ಪು ಬಂದ ಮೇಲೆ

ಮೊದಲು ಪೂರ್ತಿ ಪ್ರೊಸೀಡಿಂಗ್ಸ್ ನಕಲಿಗೆ ಅರ್ಜಿ ಹಾಕಿ. ಸೇನೆಯೊಳಗೆ ತೀರ್ಪಿನ ವಿರುದ್ಧ ಮೇಲಿನವರಿಗೆ ಕೊಡುವ 164ನೇ ಸೆಕ್ಷನ್ ಅರ್ಜಿ ಇದೆ. ಹೊರಗೆ 2007ರ ಕಾಯ್ದೆಯ ಟ್ರಿಬ್ಯುನಲ್. ಕೋರ್ಟ್ ಮಾರ್ಷಲ್ ವಿರುದ್ಧ ಅಪೀಲಿಗೆ 90 ದಿನ. ಡಿಸ್ಚಾರ್ಜ್, ಪೆನ್ಶನ್‌ನಂಥ ಸೇವಾ ವಿಷಯಕ್ಕೆ ಅಂತಿಮ ಆದೇಶದಿಂದ 6 ತಿಂಗಳು. ಟ್ರಿಬ್ಯುನಲ್‌ಗೆ ಜಾಮೀನು ಕೊಡುವ ಅಧಿಕಾರವೂ ಇದೆ. ಕರ್ನಾಟಕ ಕೊಚ್ಚಿ ಪೀಠಕ್ಕೆ ಸೇರಿದೆ. ಬಳ್ಳಾರಿಯಿಂದ ಕೊಚ್ಚಿ ಅಂದರೆ ಎಷ್ಟು ದೂರ ಅಂತ ಬಿಡಿಸಿ ಹೇಳಬೇಕಿಲ್ಲ, ಸೈನಿಕನ ಮನೆಯವರಿಗೆ ಇದೇ ಒಂದು ಶಿಕ್ಷೆ. ಎಸ್‌ಸಿಎಂನಲ್ಲಿ ವಜಾ ಆಗದೆ, ಜೈಲು ಕೂಡ 3 ತಿಂಗಳು ದಾಟದಿದ್ದರೆ ಅದನ್ನು ಸೇವಾ ವಿಷಯ ಅಂತ ಟ್ರಿಬ್ಯುನಲ್‌ಗೆ ಒಯ್ಯಲು ಬರುವುದಿಲ್ಲ.

ಟ್ರಿಬ್ಯುನಲ್ ಆದೇಶವನ್ನು ಹೈಕೋರ್ಟ್‌ನಲ್ಲಿ ರಿಟ್ ಮೂಲಕ ಪ್ರಶ್ನಿಸಬಹುದು, 2023ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸ್ಪಷ್ಟ ಮಾಡಿದೆ. ಬಳ್ಳಾರಿ, ಕೊಪ್ಪಳದವರಿಗೆ ಧಾರವಾಡ ಪೀಠ. ರಾಯಚೂರಿನವರಿಗೆ ಕಲಬುರಗಿ ಪೀಠ. ವಕೀಲರನ್ನು ಹುಡುಕುವಾಗ ಸರ್ವಿಸ್ ಮ್ಯಾಟರ್ ಅಂದರೆ ಕೆಪಿಟಿಸಿಎಲ್ ಬಡ್ತಿ ಕೇಸು ಅಂದುಕೊಂಡವರು ಬೇಡ, ಆರ್ಮಿ ರೂಲ್ಸ್ ಕೈಯಲ್ಲಿ ಹಿಡಿದವರು ಬೇಕು. ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಇದೆ. ಸಹಾಯವಾಣಿ 15100.

ಆರ್‌ಟಿಐ ಕೂಡ ಬಳಸಿ, 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಸೇನೆ ಆರ್‌ಟಿಐ ವ್ಯಾಪ್ತಿಯಲ್ಲೇ ಇದೆ. ಬಿಎಸ್‌ಎಫ್, ಸಿಆರ್‌ಪಿಎಫ್ ವಿನಾಯಿತಿ ಪಟ್ಟಿಯಲ್ಲಿವೆ, ಅಲ್ಲಿ ಭ್ರಷ್ಟಾಚಾರ ಅಥವಾ ಮಾನವ ಹಕ್ಕು ಉಲ್ಲಂಘನೆಯ ಆರೋಪ ಇದ್ದರೆ ಮಾತ್ರ ಮಾಹಿತಿ ಕೇಳಬಹುದು.

8. ಹುಡುಗನೇ ತೀರಿಕೊಂಡಿದ್ದರೆ

"ಆತ್ಮಹತ್ಯೆ" ಅಂತ ಒಂದು ಫೋನ್ ಬರುತ್ತದೆ, ಪೆಟ್ಟಿಗೆ ಬರುತ್ತದೆ, ಊರೆಲ್ಲ ಸೇರುತ್ತದೆ. ಆ ದುಃಖದಲ್ಲಿ ಕಾಗದ ಕೇಳುವುದು ಕಷ್ಟ. ಆದರೂ ಮನೆಯಲ್ಲಿ ಗಟ್ಟಿ ಇರುವ ಒಬ್ಬರು ಕೇಳಲೇಬೇಕು. ಘಟನೆ ನಡೆದ ಜಾಗದ ಸ್ಥಳೀಯ ಪೊಲೀಸ್ ಠಾಣೆ ಯಾವುದು, ಅಸಹಜ ಸಾವಿನ ದಾಖಲಾತಿ ನಂಬರ್ ಏನು, ಮರಣೋತ್ತರ ಪರೀಕ್ಷೆ ಎಲ್ಲಾಯಿತು, ವರದಿಯ ನಕಲು ಯಾವಾಗ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ ಅಡಿ ಇದು ಪೊಲೀಸರ ಕೆಲಸ, ಯೂನಿಟ್ ವಿಚಾರಣೆಯಷ್ಟೇ ಸಾಲದು. ಸಂಶಯ ಇದ್ದರೆ ಅಂತ್ಯಕ್ರಿಯೆಗೆ ಮುಂಚೆಯೇ ಲಿಖಿತ ದೂರು ಕೊಡಿ. ಅವನ ಫೋನ್, ಡೈರಿ, ಕೊನೆಯ ವಾಟ್ಸ್ಆ್ಯಪ್ ಮೆಸೇಜು ಏನನ್ನೂ ಅಳಿಸಬೇಡಿ, ಹಳೇ ಫೋನ್‌ನಿಂದ ಹೊಸದಕ್ಕೆ ಬದಲಾಯಿಸಲೂ ಬೇಡಿ. ಸಾವು ಸೇವೆಯಿಂದ ಆದದ್ದೋ ಅಲ್ಲವೋ ಅನ್ನುವ ತೀರ್ಮಾನಕ್ಕೂ ಕೋರ್ಟ್ ಆಫ್ ಇನ್‌ಕ್ವೈರಿಯ ವರದಿಯನ್ನೇ ನೋಡುತ್ತಾರೆ, ಹೆಂಡತಿಯ ಪೆನ್ಶನ್ ಅದರ ಮೇಲೆ ನಿಂತಿರುತ್ತದೆ.

9. ಸೈನಿಕನಿಂದಲೇ ನಿಮಗೆ ಅನ್ಯಾಯ ಆಗಿದ್ದರೆ

ರಜೆಗೆ ಬಂದವನು ಹೊಡೆದ, ಹೆಂಡತಿಯನ್ನು ಪೀಡಿಸಿದ, ಹುಡುಗಿಯೊಬ್ಬಳ ಮೇಲೆ ಕೈಮಾಡಿದ. "ಅವನು ಮಿಲಿಟರಿಯವ, ನಾವು ಮುಟ್ಟೋ ಹಾಗಿಲ್ಲ" ಅಂತ ಠಾಣೆಯಲ್ಲಿ ಹೇಳಿದರೆ ನಂಬಬೇಡಿ. ಬಂಧನದಿಂದ ರಕ್ಷಣೆ ಇರುವುದು ಕರ್ತವ್ಯದ ಭಾಗವಾಗಿ ಮಾಡಿದ ಕೆಲಸಕ್ಕೆ ಮಾತ್ರ. ಗಂಗಾವತಿ ಬೀದಿಯಲ್ಲಿ ಮಾಡಿದ ಹೊಡೆದಾಟ ಕರ್ತವ್ಯ ಅಲ್ಲ. ಸೈನಿಕರಲ್ಲದವರ ಕೊಲೆ, ಅತ್ಯಾಚಾರದಂಥ ಪ್ರಕರಣವನ್ನು 70ನೇ ಸೆಕ್ಷನ್ ಕೋರ್ಟ್ ಮಾರ್ಷಲ್ ಕೈಗೇ ಕೊಡುವುದಿಲ್ಲ, ಅವನು ಆ್ಯಕ್ಟಿವ್ ಸರ್ವಿಸ್‌ನಲ್ಲೋ ವಿದೇಶದಲ್ಲೋ ಗೊತ್ತುಪಡಿಸಿದ ಗಡಿ ಠಾಣೆಯಲ್ಲೋ ಇದ್ದಾಗ ಬಿಟ್ಟು.

ಬೇರೆ ಅಪರಾಧಗಳಲ್ಲಿ ಒಂದು ತಿರುವಿದೆ. ಕೇಸು ಸಾಮಾನ್ಯ ಕೋರ್ಟಿಗೋ ಕೋರ್ಟ್ ಮಾರ್ಷಲ್‌ಗೋ ಅಂತ ತೀರ್ಮಾನಿಸುವ 1978ರ ನಿಯಮಗಳ ಪ್ರಕಾರ ಮ್ಯಾಜಿಸ್ಟ್ರೇಟ್ ಅವನ ಕಮಾಂಡಿಂಗ್ ಆಫೀಸರ್‌ಗೆ ನೋಟಿಸ್ ಕಳಿಸುತ್ತಾರೆ, 15 ದಿನ ಕಾಯುತ್ತಾರೆ. ಅಷ್ಟರೊಳಗೆ ಸೇನೆ "ನಾವೇ ವಿಚಾರಿಸುತ್ತೇವೆ" ಅಂತ ಕೇಸನ್ನು ತೆಗೆದುಕೊಳ್ಳಬಹುದು. ತೆಗೆದುಕೊಂಡ ಮೇಲೆ ಏನಾಯಿತು ಅಂತ ಮ್ಯಾಜಿಸ್ಟ್ರೇಟ್‌ಗೆ ತಿಳಿಸಬೇಕಾದದ್ದೂ ಸೇನೆಯೇ. ಈ ಹಂತದಲ್ಲಿ ದೂರುದಾರರಿಗೆ ಯಾರೂ ತಾವಾಗಿ ಸುದ್ದಿ ಮುಟ್ಟಿಸುವುದಿಲ್ಲ. ನೋಟಿಸ್ ಹೋದ ತಾರೀಖು, ಯೂನಿಟ್ ವಿಳಾಸ, ಬಂದ ಉತ್ತರ ಮೂರನ್ನೂ ಕೋರ್ಟ್ ಫೈಲಿನಿಂದ ಸರ್ಟಿಫೈಡ್ ಕಾಪಿ ತೆಗೆಸಿ ಇಟ್ಟುಕೊಳ್ಳಿ. ತಿಂಗಳುಗಟ್ಟಲೆ ಉತ್ತರ ಬರದಿದ್ದರೆ ಅದೇ ಮ್ಯಾಜಿಸ್ಟ್ರೇಟ್ ಮುಂದೆ ಅರ್ಜಿ ಹಾಕಿ ವರದಿ ತರಿಸಲು ಕೇಳಿ.